ಮಾರಿಯಾ ಮಾಂಟೆಸ್ಸರಿ: ಕೈಯನ್ನು ನಂಬಿದ ವೈದ್ಯೆ

ಶಿಕಾರಿಪುರದಲ್ಲಿ ನನ್ನ ಬೋಧನಾಭ್ಯಾಸದ ಎರಡನೇ ವಾರ. ಎಂಟನೇ ತರಗತಿಗೆ ಜೀವಕೋಶದ ಪಾಠ. ಈರುಳ್ಳಿಯ ತೆಳು ಪೊರೆ ಬಿಡಿಸಿ, ಸ್ಲೈಡಿನ ಮೇಲೆ ಹರಡಿ, ಒಂದು ಹನಿ ಬಣ್ಣ ಹಾಕಿ, ಕವರ್ ಸ್ಲಿಪ್ ಮುಚ್ಚುವ ಚಟುವಟಿಕೆಗೆ ಪಾಠಯೋಜನೆಯಲ್ಲಿ ಎಂಟು ನಿಮಿಷ ಎಂದು ಬರೆದಿದ್ದೆ. ಇಡೀ ಅವಧಿ ಅದಕ್ಕೇ ಹೋಯಿತು. ಪ್ರಶ್ನೆ ಕೇಳಿದರೆ ಮೊದಲು ಕೈ ಎತ್ತುವ ಹುಡುಗರ ಬೆರಳುಗಳಲ್ಲಿ ಪೊರೆ ಮುದುಡಿ ಮುದ್ದೆಯಾಯಿತು. ಎರಡು ಕವರ್ ಸ್ಲಿಪ್ ಒಡೆದವು. ಕೊನೆಯ ಬೆಂಚಿನ ಒಬ್ಬ ಹುಡುಗಿ ಮಾತ್ರ ಮೊದಲ ಸಲಕ್ಕೇ ಪೊರೆಯನ್ನು ಸುಕ್ಕಿಲ್ಲದೆ ಹಾಸಿದಳು. ಅವಳನ್ನು ನಾನು ಅಲ್ಲಿಯವರೆಗೆ ನಿಧಾನ ಕಲಿಕೆಯವರ ಪಟ್ಟಿಯಲ್ಲಿ ಬರೆದುಕೊಂಡಿದ್ದೆ. ವಿಚಾರಿಸಿದರೆ, ತಾಯಿ ಹೂ ಮಾರುತ್ತಾರೆ. ಇವಳು ಚಿಕ್ಕಂದಿನಿಂದ ಪಕ್ಕದಲ್ಲಿ ಕೂತು ಹೂ ಕಟ್ಟಿದವಳು.

ಪಟ್ಟಿಯನ್ನೇ ಹರಿದು ಎಸೆದೆ ಎಂದು ಹೇಳಿಕೊಳ್ಳಲಾರೆ. ಅವಳ ಹೆಸರಿನ ಮೇಲೆ ಗೆರೆ ಎಳೆದೆ, ಅಷ್ಟೆ. ಆದರೆ ಕೈಯ ಕೌಶಲ ಮಕ್ಕಳಿಗೆ ಯಾವಾಗ, ಹೇಗೆ ಬರುತ್ತದೆ ಎಂದು ತಿಳಿಯಲು ಗ್ರಂಥಾಲಯದಲ್ಲಿ ಕೂತಾಗ ಮತ್ತೆ ಮತ್ತೆ ಎದುರಾದ ಹೆಸರು ಮಾರಿಯಾ ಮಾಂಟೆಸ್ಸರಿ. ನಮ್ಮ ಟಿಪ್ಪಣಿಗಳಲ್ಲಿ ಅವರಿಗೆ ಸಿಗುವುದು ಐದು ಅಂಕದ ಜಾಗ: ಇಟಲಿ, ಮಕ್ಕಳ ಮನೆ, ಇಂದ್ರಿಯ ತರಬೇತಿ. ಅವರು ಶಿಕ್ಷಕಿಯಾಗಬಾರದೆಂದೇ ಹಟ ಹಿಡಿದಿದ್ದವರು, ನಮ್ಮ ಹಾಗೆ ವಿಜ್ಞಾನದ ಪದವಿಯ ದಾರಿಯಿಂದ ಬಂದವರು, ಎಂಬುದು ಟಿಪ್ಪಣಿಯಲ್ಲಿ ಇರುವುದಿಲ್ಲ.

ಮಾರಿಯಾ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಆಂಕೋನಾ ಬಳಿಯ ಕಿಯಾರವಾಲೆ ಎಂಬ ಸಣ್ಣ ಊರಿನಲ್ಲಿ. ತಂದೆ ಅಲೆಸ್ಸಾಂಡ್ರೊ ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿ. ತಾಯಿ ರೆನಿಲ್ದೆ ಓದಿನಲ್ಲಿ ಆಸೆಯಿದ್ದವರು. ಒಬ್ಬಳೇ ಮಗಳು. ಮಗಳಿಗೆ ಐದು ವರ್ಷವಾಗುವ ಹೊತ್ತಿಗೆ ಸಂಸಾರ ರೋಮ್ ನಗರಕ್ಕೆ ಬಂತು. ಆ ಕಾಲಕ್ಕೆ ಓದಿದ ಹೆಣ್ಣುಮಗಳಿಗೆ ಇದ್ದ ಮರ್ಯಾದಸ್ಥ ಕೆಲಸ ಎಂದರೆ ಶಿಕ್ಷಕಿಯದು. ಅದೊಂದನ್ನು ಬಿಟ್ಟು ಬೇರೆ ಏನಾದರೂ ಆಗುತ್ತೇನೆ ಎಂದು ಹೊರಟ ಮಾರಿಯಾ ಹದಿಮೂರರ ವಯಸ್ಸಿಗೆ ಗಂಡುಮಕ್ಕಳ ತಾಂತ್ರಿಕ ಶಾಲೆ ಸೇರಿದರು. ಎಂಜಿನಿಯರ್ ಆಗುವ ಯೋಚನೆಯಿತ್ತು. ಆಮೇಲೆ ಮನಸ್ಸು ವೈದ್ಯಕೀಯದ ಕಡೆಗೆ ತಿರುಗಿತು. ತಂದೆಗೆ ಇಷ್ಟವಿರಲಿಲ್ಲ, ತಾಯಿ ಬೆನ್ನಿಗೆ ನಿಂತರು. 1890ರಲ್ಲಿ ರೋಮ್ ವಿಶ್ವವಿದ್ಯಾಲಯದಲ್ಲಿ ನಿಸರ್ಗ ವಿಜ್ಞಾನಕ್ಕೆ ಸೇರಿ, ಆ ದಾರಿಯಿಂದ ವೈದ್ಯಕೀಯ ತರಗತಿಗೆ ಹೋದರು. ಗಂಡಸರ ಜೊತೆ ನಿಂತು ಹೆಣ ಕೊಯ್ಯುವುದು ಹೆಣ್ಣಿಗೆ ತಕ್ಕುದಲ್ಲವೆಂದು ಎಲ್ಲರೂ ಹೋದಮೇಲೆ ಒಬ್ಬರೇ ಶವಗಳ ಮುಂದೆ ಕೂತು ಅಂಗರಚನೆ ಕಲಿಯಬೇಕಾಯಿತು. 1896ರಲ್ಲಿ ವೈದ್ಯೆಯಾದರು. ಇಟಲಿಯ ಮೊದಲ ವೈದ್ಯೆ ಎಂದು ಅನೇಕ ಕಡೆ ಬರೆದಿರುತ್ತಾರೆ. ಅದು ಸರಿಯಲ್ಲ, ಮೊದಲ ಕೆಲವರಲ್ಲಿ ಒಬ್ಬರು.

ಪದವಿಯಾದ ಮೇಲೆ ವಿಶ್ವವಿದ್ಯಾಲಯದ ಮಾನಸಿಕ ಚಿಕಿತ್ಸಾಲಯದಲ್ಲಿ ಕೆಲಸ. ಅದರ ಸಲುವಾಗಿ ರೋಮಿನ ಹುಚ್ಚಾಸ್ಪತ್ರೆಗಳಿಗೆ ಹೋಗಬೇಕಿತ್ತು. ಬುದ್ಧಿ ಬೆಳೆಯದವರೆಂದು ಹೆಸರಿಟ್ಟ ಮಕ್ಕಳನ್ನೂ ಅಲ್ಲೇ ಕೂಡಿಹಾಕುತ್ತಿದ್ದರು. ಊಟವಾದ ಮೇಲೆ ಆ ಮಕ್ಕಳು ನೆಲದ ಮೇಲೆ ಬಿದ್ದು ರೊಟ್ಟಿಯ ಪುಡಿ ಹೆಕ್ಕುತ್ತಾರೆ, ಎಂಥ ಹೊಲಸು ಅಭ್ಯಾಸ ಎಂದು ನೋಡಿಕೊಳ್ಳುವಾಕೆ ದೂರಿದಳು. ಮಾರಿಯಾ ಕೋಣೆಯನ್ನು ಸುತ್ತಲೂ ನೋಡಿದರು. ಬರಿಯ ಗೋಡೆ, ಬರಿಯ ನೆಲ. ಮಗು ಮುಟ್ಟಬಹುದಾದ, ಹಿಡಿಯಬಹುದಾದ ವಸ್ತು ಆ ರೊಟ್ಟಿಯ ಪುಡಿ ಒಂದೇ. ಹಸಿವು ಹೊಟ್ಟೆಯದಲ್ಲ, ಬೆರಳಿನದು. ನನಗೆ ಅವರ ಇಡೀ ಬದುಕಿನ ತಿರುವು ಇಲ್ಲಿದೆ ಅನ್ನಿಸುತ್ತದೆ. ವೈದ್ಯರು ನೂರಾರು ಮಂದಿ ಆ ಕೋಣೆಗೆ ಬಂದು ಹೋಗಿದ್ದರು.

ಹಾಗಾದರೆ ಇಂಥ ಮಕ್ಕಳಿಗೆ ಬೇಕಿರುವುದು ಔಷಧಿಯೋ ಶಿಕ್ಷಣವೋ ಎಂಬ ಪ್ರಶ್ನೆ ಹುಟ್ಟಿತು. ನೂರು ವರ್ಷದ ಹಿಂದೆ ಫ್ರಾನ್ಸಿನ ಅವೆರಾನ್ ಕಾಡಿನಲ್ಲಿ ಸಿಕ್ಕ ಹುಡುಗನಿಗೆ ಕಲಿಸಲು ಹೆಣಗಿದ ಇಟಾರ್ ಎಂಬ ವೈದ್ಯರ ಬರಹ, ಅವರ ಶಿಷ್ಯ ಸೆಗ್ಯಾನ್ ಅವರ ಬರಹ ಎರಡನ್ನೂ ಹುಡುಕಿ ಓದಿದರು. ಓದಿದ್ದಷ್ಟೇ ಅಲ್ಲ, ಪ್ರತಿಯೊಂದು ಮಾತಿನ ಅರ್ಥ ತೂಗಿ ನೋಡಬೇಕೆಂದು ಆ ಪುಸ್ತಕಗಳನ್ನು ಇಟಾಲಿಯನ್ ಭಾಷೆಗೆ ಮೊದಲಿಂದ ಕೊನೆಯವರೆಗೆ ಕೈಯಲ್ಲೇ ಬರೆದರು. ಸ್ನಾಯುಗಳಿಗೆ ಮೊದಲು ಕಲಿಸು, ಇಂದ್ರಿಯಗಳಿಗೆ ಆಮೇಲೆ, ವಿಚಾರ ಅದರ ಹಿಂದೆ ಬರುತ್ತದೆ ಎಂಬುದು ಸೆಗ್ಯಾನ್ ಹಿಡಿದ ಕ್ರಮ. 1900ರಲ್ಲಿ ರೋಮಿನಲ್ಲಿ ಇಂಥ ಮಕ್ಕಳಿಗಾಗಿ ತೆರೆದ ಸಂಸ್ಥೆಗೆ ಮಾರಿಯಾ ಸಹ ನಿರ್ದೇಶಕಿಯಾದರು. ಅವರ ಕೆಲವು ಮಕ್ಕಳು ಓದು ಬರಹ ಕಲಿತು ಸಾಮಾನ್ಯ ಶಾಲೆಯ ಮಕ್ಕಳ ಜೊತೆ ಪರೀಕ್ಷೆ ಬರೆದು ಪಾಸಾದಾಗ ಊರೆಲ್ಲ ಹೊಗಳಿತು. ಮಾರಿಯಾ ಮಾತ್ರ ತಿರುಗಿಸಿ ಕೇಳಿಕೊಂಡರು: ಇವರೇ ಇಷ್ಟು ಮಾಡಿದರೆ, ಆರೋಗ್ಯವಂತ ಮಕ್ಕಳನ್ನು ನಮ್ಮ ಶಾಲೆಗಳು ಇಷ್ಟು ಕೆಳಗೆ ಹಿಡಿದಿಟ್ಟಿರುವುದು ಹೇಗೆ?

ಈ ಸಂಸ್ಥೆಯ ಇನ್ನೊಬ್ಬ ನಿರ್ದೇಶಕರು ಜ್ಯೂಸೆಪ್ಪೆ ಮೊಂತೆಸಾನೊ. ಪಠ್ಯಪುಸ್ತಕಗಳು ದಾಟಿ ಹೋಗುವ ಸಂಗತಿ ಇದು. 1898ರ ಮಾರ್ಚ್ 31ರಂದು ಅವರಿಬ್ಬರಿಗೆ ಒಬ್ಬ ಮಗ ಹುಟ್ಟಿದ, ಹೆಸರು ಮಾರಿಯೊ. ಮದುವೆಯಾಗಿರಲಿಲ್ಲ. ಆ ಸಮಾಜದಲ್ಲಿ ವಿಷಯ ಹೊರಬಿದ್ದರೆ ವೈದ್ಯೆಯಾಗಿ ಕಟ್ಟಿಕೊಂಡ ಬದುಕು ಅಲ್ಲಿಗೆ ಮುಗಿಯುತ್ತಿತ್ತು. ಮಗುವನ್ನು ಹಳ್ಳಿಯ ಒಂದು ಸಂಸಾರದಲ್ಲಿ ಸಾಕಲು ಬಿಟ್ಟರು. ಆಗಾಗ ಹೋಗಿ ನೋಡಿ ಬರುತ್ತಿದ್ದರು. ಬಂದು ಹೋಗುವ ಈ ಹೆಂಗಸು ತನ್ನ ತಾಯಿ ಎಂದು ಮಗುವಿಗೆ ಯಾರೂ ಹೇಳಿರಲಿಲ್ಲ. ಮೊಂತೆಸಾನೊ 1901ರಲ್ಲಿ ಬೇರೊಬ್ಬರನ್ನು ಮದುವೆಯಾದರು. ಮಾರಿಯಾ ಆ ಸಂಸ್ಥೆಯನ್ನೇ ಬಿಟ್ಟು, ಮೂವತ್ತು ದಾಟಿದ ಮೇಲೆ ಮತ್ತೆ ವಿದ್ಯಾರ್ಥಿಯಾಗಿ ತತ್ತ್ವಶಾಸ್ತ್ರ, ಮನಶ್ಶಾಸ್ತ್ರದ ತರಗತಿಗಳಿಗೆ ಹೋಗಿ ಕೂತರು.

ಮಗು ಬೋರಲು ಬಿದ್ದದ್ದು, ಅಂಬೆಗಾಲಿಟ್ಟದ್ದು, ಗೋಡೆ ಹಿಡಿದು ನಿಂತದ್ದು ಎಲ್ಲ ಬೇರೆಯವರ ಅಂಗಳದಲ್ಲಿ ಆಯಿತು. ನಮ್ಮ ಕಡೆ ಮಗು ಹೊಸ್ತಿಲು ದಾಟಿದರೆ ಸಿಹಿ ಮಾಡಿ ಹಂಚುತ್ತಾರೆ. ಮಕ್ಕಳ ಚಲನೆಯನ್ನು ಇಷ್ಟು ಹತ್ತಿರದಿಂದ ನೋಡಿ ಬರೆದ ಹೆಂಗಸಿಗೆ ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗುವಿನ ಆ ದಿನಗಳು ಸಿಗಲಿಲ್ಲ. ಇದನ್ನು ತಪ್ಪು ಎಂದು ಬರೆಯಲು ಕುಳಿತರೆ, 1898ರ ರೋಮಿನಲ್ಲಿ ಅವರಿಗೆ ಬೇರೆ ಯಾವ ಬಾಗಿಲು ತೆರೆದಿತ್ತು ಎಂಬುದನ್ನೂ ಬರೆಯಬೇಕಾಗುತ್ತದೆ. ಆ ತಂದೆಯ ಉದ್ಯೋಗಕ್ಕೆ ಏನೂ ಆಗಲಿಲ್ಲ.

1907ರ ಜನವರಿ 6. ರೋಮಿನ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯ ಒಂದು ವಸತಿ ಕಟ್ಟಡದಲ್ಲಿ ಮಕ್ಕಳ ಮನೆ ಶುರುವಾಯಿತು. ಹಿನ್ನೆಲೆ ಅಷ್ಟೇನೂ ಉದಾತ್ತವಲ್ಲ. ತಂದೆ ತಾಯಿ ಕೂಲಿಗೆ ಹೋದಮೇಲೆ ಮಕ್ಕಳು ಹೊಸದಾಗಿ ದುರಸ್ತಿಯಾದ ಗೋಡೆ, ಮೆಟ್ಟಿಲು ಹಾಳುಮಾಡುತ್ತಾರೆಂದು ಕಟ್ಟಡದ ಮಾಲೀಕರು ಅವರನ್ನು ಒಂದು ಕೋಣೆಯಲ್ಲಿ ಸೇರಿಸಲು ಬಯಸಿದ್ದರು. ಐವತ್ತರಷ್ಟು ಮಕ್ಕಳು, ಹೆಚ್ಚಿನವರು ಮೂರರಿಂದ ಆರು ವರ್ಷದವರು. ನೋಡಿಕೊಳ್ಳಲು ತರಬೇತಿ ಪಡೆದ ಶಿಕ್ಷಕಿಯಲ್ಲ, ಕಟ್ಟಡದ ಕಾವಲುಗಾರನ ಮಗಳು.

ಮಾರಿಯಾ ಅಲ್ಲಿ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಮಕ್ಕಳ ಅಳತೆಗೆ ತಕ್ಕ ಹಗುರ ಮೇಜು ಕುರ್ಚಿ ಮಾಡಿಸಿದ್ದು. ಆ ಕಾಲದ ಶಾಲೆಗಳಲ್ಲಿ ಬೆಂಚನ್ನು ನೆಲಕ್ಕೆ ಮೊಳೆ ಹೊಡೆದು ಕೂರಿಸುತ್ತಿದ್ದರು, ಮಗು ಅಲ್ಲಾಡಬಾರದು ಎಂದು. ಇವರ ಕುರ್ಚಿ ಮಗು ಎಡವಿದರೆ ಉರುಳಿ ಸದ್ದಾಗುತ್ತದೆ. ಸದ್ದೇ ಶಿಕ್ಷಕ. ಉರುಳದ ಹಾಗೆ ನಡೆಯುವುದನ್ನು ಮಗು ತಾನೇ ಕಲಿಯುತ್ತದೆ. ಗುಂಡಿ ಹಾಕುವ, ದಾರ ಕಟ್ಟುವ ಬಟ್ಟೆಯ ಚೌಕಟ್ಟುಗಳು, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರು ಸುರಿಯುವುದು, ನೆಲದ ಮೇಲೆ ಎಳೆದ ಗೆರೆಯ ಮೇಲೆ ನಡೆಯುವುದು. ಒಂದು ದಿನ ಮೂಗು ಒರೆಸಿಕೊಳ್ಳುವುದು ಹೇಗೆ ಎಂದು ತೋರಿಸಿದರಂತೆ. ಕರವಸ್ತ್ರ ತೆಗೆದು, ಸದ್ದಿಲ್ಲದೆ, ನಿಧಾನವಾಗಿ. ಮಕ್ಕಳು ಚಪ್ಪಾಳೆ ತಟ್ಟಿದರು. ಮೂಗಿನ ವಿಷಯಕ್ಕೆ ದಿನವೂ ಬೈಸಿಕೊಂಡವರೇ ಹೊರತು, ಅದನ್ನು ಮಾಡುವ ಬಗೆ ಹೀಗೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಈ ಪ್ರಸಂಗ ಓದಿದ ಮೇಲೆ ಕವರ್ ಸ್ಲಿಪ್ ಒಡೆದ ಆ ಇಬ್ಬರನ್ನು ಗದರಿಸಿದ್ದು ನೆನಪಾಗಿ ಮುಜುಗರವಾಯಿತು. ಕವರ್ ಸ್ಲಿಪ್ ಹಿಡಿಯುವುದನ್ನು ನಾನು ತೋರಿಸಿಯೇ ಇರಲಿಲ್ಲ. ಹೇಳಿದ್ದೆ, ಅಷ್ಟೆ.

ಅವರ ಸಾಮಗ್ರಿಗಳಲ್ಲಿ ಒಂದು ಮರದ ತುಂಡಿನಲ್ಲಿ ಕೊರೆದ ಕುಳಿಗಳು, ಅವುಗಳಲ್ಲಿ ಕೂರುವ ಬೇರೆ ಬೇರೆ ಗಾತ್ರದ ಸಿಲಿಂಡರುಗಳು. ಪ್ರತಿಯೊಂದಕ್ಕೂ ಮೇಲೆ ಸಣ್ಣ ಗುಂಡು ಹಿಡಿ. ಸುಮಾರು ಮೂರು ವರ್ಷದ ಒಬ್ಬ ಹುಡುಗಿ ಇದರಲ್ಲಿ ಮುಳುಗಿದ್ದಾಗ ಪರೀಕ್ಷಿಸಲೆಂದು ಉಳಿದ ಮಕ್ಕಳಿಗೆ ಹಾಡಿ ಕುಣಿಯಲು ಹೇಳಿದರು, ಅವಳು ಕೂತ ಕುರ್ಚಿಯನ್ನೇ ಎತ್ತಿ ಮೇಜಿನ ಮೇಲಿಟ್ಟರು. ಹುಡುಗಿ ಸಿಲಿಂಡರುಗಳನ್ನು ಮಡಿಲಿಗೆ ಎಳೆದುಕೊಂಡು ಕೆಲಸ ಮುಂದುವರಿಸಿದಳು. ನಲವತ್ತಕ್ಕೂ ಹೆಚ್ಚು ಸಲ ತೆಗೆದು ಹಾಕಿ, ಸುಸ್ತಿಲ್ಲದೆ, ನಿದ್ದೆಯಿಂದ ಎದ್ದವಳಂತೆ ನಗುತ್ತಾ ನಿಲ್ಲಿಸಿದಳು. ಆ ಗುಂಡು ಹಿಡಿಯನ್ನು ಹಿಡಿಯಲು ಹೆಬ್ಬೆರಳು ಮತ್ತು ಮುಂದಿನ ಎರಡು ಬೆರಳು ಬೇಕು. ಪೆನ್ಸಿಲ್ ಹಿಡಿಯಲು ಬೇಕಾದದ್ದೂ ಅವೇ ಮೂರು. ಪೆನ್ಸಿಲ್ ಕೊಡುವ ಎಷ್ಟೋ ಮೊದಲೇ ಬರಹದ ಕೈ ತಯಾರಾಗುತ್ತಿತ್ತು.

ಹಾಗೆಯೇ ಉಪ್ಪುಕಾಗದ ಅಂಟಿಸಿ ಮಾಡಿದ ಅಕ್ಷರಗಳ ಮೇಲೆ ಬೆರಳಾಡಿಸುವುದು, ಲೋಹದ ಆಕೃತಿಗಳ ಅಂಚಿನಗುಂಟ ಗೆರೆ ಎಳೆದು ಒಳಗೆ ಬಣ್ಣ ತುಂಬುವುದು. ಬರೆಯಿರಿ ಎಂದು ಯಾರಿಗೂ ಹೇಳಿರಲಿಲ್ಲ. ಅದೇ ವರ್ಷದ ಡಿಸೆಂಬರಿನ ಒಂದು ಬಿಸಿಲಿನ ದಿನ ತಾರಸಿಯ ಮೇಲೆ ಕೂತಿದ್ದಾಗ ಐದು ವರ್ಷದ ಹುಡುಗನಿಗೆ ಸೀಮೆಸುಣ್ಣ ಕೊಟ್ಟು ಎದುರಿನ ಹೊಗೆಗೂಡಿನ ಚಿತ್ರ ಬಿಡಿಸಲು ಹೇಳಿದರು. ಬಿಡಿಸಿದ. ಹೊಗಳಿದರು. ಹುಡುಗ ಒಂದು ಕ್ಷಣ ತಡೆದು, ತನಗೆ ಬರೆಯಲು ಬರುತ್ತದೆ ಎಂದು ಕೂಗಿ, ನೆಲಕ್ಕೆ ಮೊಣಕಾಲೂರಿ ಒಂದು ಪದ ಬರೆದ. ಇಟಾಲಿಯನ್ ಭಾಷೆಯಲ್ಲಿ ಮಾನೊ, ಅಂದರೆ ಕೈ. ಆಮೇಲೆ ಹೊಗೆಗೂಡು, ಚಾವಣಿ ಎಂದೂ ಬರೆದ. ಉಳಿದ ಮಕ್ಕಳು ಓಡಿಬಂದು ಸೀಮೆಸುಣ್ಣ ಕೇಳಿದರು. ಆ ಹುಡುಗ ಮೊದಲು ಆ ಪದವನ್ನೇ ಏಕೆ ಆರಿಸಿದನೋ!

ಅಲ್ಲಿಂದಾಚೆ ಹೆಸರು ಹಬ್ಬಿದ ವೇಗ ದೊಡ್ಡದು. 1909ರಲ್ಲಿ ಮೊದಲ ಪುಸ್ತಕ, 1912ರಲ್ಲಿ ಅದರ ಇಂಗ್ಲಿಷ್ ಅನುವಾದ, 1915ರಲ್ಲಿ ಸಾನ್ ಫ್ರಾನ್ಸಿಸ್ಕೊ ಮೇಳದಲ್ಲಿ ಗಾಜಿನ ಗೋಡೆಯ ತರಗತಿ. 1912ರ ಕೊನೆಯಲ್ಲಿ ತಾಯಿ ತೀರಿಕೊಂಡರು. ಅದಾದ ಕೆಲವೇ ತಿಂಗಳಲ್ಲಿ ಮಾರಿಯಾ ಹದಿನೈದರ ಮಗನನ್ನು ತಮ್ಮ ಬಳಿಗೆ ಕರೆತಂದರು. ಆದರೂ ಬಹಳ ವರ್ಷ ಜನರ ಮುಂದೆ ಅವನು ಸೋದರಳಿಯ, ಇಲ್ಲವೇ ದತ್ತುಮಗ. ಮುಸೊಲಿನಿಯ ಸರ್ಕಾರ ಅವರ ಶಾಲೆಗಳಿಗೆ ಹಣ ಕೊಟ್ಟಾಗ ಅವರು ಬೇಡವೆನ್ನಲಿಲ್ಲ. ಸ್ವಾತಂತ್ರ್ಯವೇ ಮಗುವಿನ ಉಸಿರು ಎಂದವರು ಅಂಥ ಸರ್ಕಾರದ ಜೊತೆ ಹತ್ತು ವರ್ಷ ಹೇಗೆ ನಡೆದರೋ ನನಗೆ ಅರ್ಥವಾಗಿಲ್ಲ. 1934ರಲ್ಲಿ ಸಂಬಂಧ ಮುರಿಯಿತು, ಇಟಲಿಯ ಶಾಲೆಗಳು ಮುಚ್ಚಿದವು. ಬಾರ್ಸೆಲೋನಾದಲ್ಲಿದ್ದರು; 1936ರಲ್ಲಿ ಅಲ್ಲಿ ಅಂತರ್ಯುದ್ಧ. ಹಾಲೆಂಡಿಗೆ ಹೋದರು.

1939ರಲ್ಲಿ, ಅರವತ್ತೊಂಬತ್ತರ ವಯಸ್ಸಿನಲ್ಲಿ, ಥಿಯೊಸಾಫಿಕಲ್ ಸೊಸೈಟಿಯ ಆಹ್ವಾನದ ಮೇಲೆ ಮಾರಿಯೊನ ಜೊತೆ ಮದರಾಸಿನ ಅಡ್ಯಾರಿಗೆ ಬಂದರು. ಕೆಲವು ತಿಂಗಳ ತರಬೇತಿ ಮುಗಿಸಿ ಮರಳುವ ಲೆಕ್ಕವಿತ್ತು. 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕಿಳಿಯಿತು. ಬ್ರಿಟಿಷರ ಕಣ್ಣಿಗೆ ಇವರಿಬ್ಬರೂ ಶತ್ರು ದೇಶದವರು. ಮಾರಿಯೊನನ್ನು ಬಂಧನ ಶಿಬಿರಕ್ಕೆ ಒಯ್ದರು. ಮಾರಿಯಾ ಅಡ್ಯಾರಿನಲ್ಲೇ ಇರಬೇಕಾಯಿತು. ಆಗಸ್ಟ್ 31, ಎಪ್ಪತ್ತನೇ ಹುಟ್ಟುಹಬ್ಬದ ದಿನ, ವೈಸ್‌ರಾಯ್ ಕಡೆಯಿಂದ ಉಡುಗೊರೆಯಾಗಿ ಬಂದದ್ದು ಮಗನ ಬಿಡುಗಡೆಯ ಆದೇಶ. ಮೊದಲ ಸಲ ಆ ಮಗನನ್ನು ದೂರ ಇಟ್ಟದ್ದು ಸಮಾಜ, ಎರಡನೇ ಸಲ ಯುದ್ಧ.

ಯುದ್ಧ ಮುಗಿಯುವವರೆಗೆ ಅವರು ಇಲ್ಲೇ ಉಳಿದರು, ಅಡ್ಯಾರ್, ಕೊಡೈಕನಾಲ್, ನಡುವೆ ಬೇರೆ ನಗರಗಳಲ್ಲಿ ತರಬೇತಿ. ಮೂರರ ಮೇಲಿನ ಮಕ್ಕಳ ಕೆಲಸದಲ್ಲಿ ಹೆಸರಾದವರು ಈಗ ಹುಟ್ಟಿನಿಂದ ಮೂರು ವರ್ಷದವರೆಗಿನ ಶಿಶುವಿನ ಕಡೆಗೆ ಹೆಚ್ಚು ಹೊರಳಿದರು. ಇಲ್ಲಿ ಕೊಟ್ಟ ಉಪನ್ಯಾಸಗಳಿಂದ ಬೆಳೆದ ಪುಸ್ತಕ 1949ರಲ್ಲಿ ಮದರಾಸಿನಲ್ಲೇ ಅಚ್ಚಾಯಿತು. ಅದರಲ್ಲಿ ಚಲನೆಯ ಬಗ್ಗೆ ಅವರು ಹೇಳುವುದರ ಸಾರ ಹೀಗೆ: ಕಾಲಿನ ಬೆಳವಣಿಗೆ ಎಲ್ಲ ಮಕ್ಕಳಲ್ಲಿ ಒಂದೇ ಕ್ರಮದಲ್ಲಿ ನಡೆಯುತ್ತದೆ, ಅದು ದೇಹದ ಹಣೆಬರಹ. ಕೈ ಹಾಗಲ್ಲ. ಸುಮಾರು ಆರು ತಿಂಗಳಿಗೆ ಬೇಕೆಂದೇ ಹಿಡಿಯಲು ಶುರುಮಾಡುವ ಕೈ ಮುಂದೆ ಏನಾಗುತ್ತದೆ ಎಂಬುದನ್ನು ಅದಕ್ಕೆ ಸಿಕ್ಕ ಕೆಲಸ ತೀರ್ಮಾನಿಸುತ್ತದೆ. ನಡೆಯಲು ಬಂದ ಮೇಲೆ ಕೈ ಬಿಡುವಾಗುತ್ತದೆ. ಒಂದೂವರೆ ವರ್ಷದ ಮಗು ತನ್ನ ಶಕ್ತಿಗೆ ಮೀರಿದ್ದನ್ನೇ ಹೊರಲು ಹೊರಡುತ್ತದೆ, ಹತ್ತಬಾರದ್ದನ್ನೇ ಹತ್ತುತ್ತದೆ. ಆಗ ಎತ್ತಿಕೊಂಡುಬಿಡುವುದು ಸಹಾಯವಲ್ಲ, ಅಡ್ಡಿ.

ಈ ಭಾಗ ಓದುವಾಗ ನಾನು ಸೊರಬ ತಾಲ್ಲೂಕಿನ ನಮ್ಮೂರಲ್ಲಿದ್ದೆ. ಮನೆಯಲ್ಲಿ ಅಕ್ಕನ ಹತ್ತು ತಿಂಗಳ ಮಗು. ಅದು ಇನ್ನೂ ಸರಿಯಾಗಿ ಅಂಬೆಗಾಲಿಟ್ಟಿಲ್ಲ ಎಂಬ ಚಿಂತೆಗೆ ಭಾವ ಪೇಟೆಯಿಂದ ಚಕ್ರದ ವಾಕರ್ ತಂದಿದ್ದರು. ವಾಕರಿನಲ್ಲಿ ಮಗು ತುದಿಬೆರಳಲ್ಲಿ ನೆಲ ಒದ್ದು ಜಾರುತ್ತದೆ. ಮೈಭಾರ ತೂಗಿಸುವುದು, ಬಿದ್ದು ಏಳುವುದು ಕಲಿಯುವುದಿಲ್ಲ. ಮೆಟ್ಟಿಲಿನಿಂದ ಉರುಳಿದ ಪ್ರಕರಣಗಳಿಂದಾಗಿ ಕೆನಡಾ ದೇಶ 2004ರಲ್ಲೇ ಇವುಗಳ ಮಾರಾಟ ನಿಷೇಧಿಸಿದೆ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಳತೆಯಂತೆ, ಆಸರೆಯಿಲ್ಲದೆ ನಡೆಯುವುದು ಸುಮಾರು 8ರಿಂದ 17 ತಿಂಗಳ ನಡುವೆ ಯಾವಾಗ ಬೇಕಾದರೂ ಆಗಬಹುದು. ಮೊಣಕಾಲೂರಿ ಅಂಬೆಗಾಲಿಡುವುದು 5ರಿಂದ 13 ತಿಂಗಳ ನಡುವೆ, ನೂರಕ್ಕೆ ನಾಲ್ಕು ಮಕ್ಕಳು ಆ ಹಂತವನ್ನೇ ಬಿಟ್ಟು ಮುಂದೆ ಹೋಗುತ್ತಾರೆ. ಇಷ್ಟನ್ನು ಅಕ್ಕನಿಗೆ ಓದಿ ಹೇಳಿದೆ. ಅಜ್ಜಿ, ಅಷ್ಟು ದೊಡ್ಡ ಪುಸ್ತಕ ಬೇಕಿತ್ತೇನೋ ತಂಗಿ ಎಂಬಂತೆ ನನ್ನ ಮುಖ ನೋಡಿ, ಜಗಲಿಯಲ್ಲಿ ಚಾಪೆ ಹಾಸಿ ಮಗುವನ್ನು ಬೋರಲು ಮಲಗಿಸಿದರು. ಸ್ವಲ್ಪ ದೂರದಲ್ಲಿ ಒಂದು ಹಿತ್ತಾಳೆ ಲೋಟ ಇಟ್ಟರು.

ಸೊರಬ ಕೈಗಳ ಊರು. ಶ್ರೀಗಂಧದಲ್ಲಿ ಕೂದಲೆಳೆಯಷ್ಟು ಸಣ್ಣ ಬಳ್ಳಿ ಕೆತ್ತುವ ಗುಡಿಗಾರರು ಇಲ್ಲಿದ್ದಾರೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ, ಅಕ್ಕಿಹಿಟ್ಟಿನ ಬಿಳಿಯಲ್ಲಿ, ಅಳತೆಪಟ್ಟಿಯಿಲ್ಲದೆ ನೇರ ಗೆರೆ ಎಳೆದು ಹಸೆ ಚಿತ್ತಾರ ಬರೆಯುವ ದೀವರ ಹೆಣ್ಣುಮಕ್ಕಳಿದ್ದಾರೆ. ಅವರ ಮನೆಯ ಮಕ್ಕಳು ಪಕ್ಕದಲ್ಲಿ ಕೂತು ನೋಡಿಯೇ ಕಲಿತದ್ದು. ಮಾಂಟೆಸ್ಸರಿ ಅವರ ಪೆಟ್ಟಿಗೆಯಲ್ಲಿದ್ದ ಎಷ್ಟೋ ಕೆಲಸ ಇಲ್ಲಿಯ ಜಗಲಿಯಲ್ಲಿ ಹೆಸರಿಲ್ಲದೆ ನಡೆದಿದೆ. ಆದರೆ ಪೇಟೆಯಲ್ಲಿ ಅವರ ಹೆಸರನ್ನು ಬೋರ್ಡಿಗೆ ಹಾಕಿಕೊಂಡ ಕಡೆ ಮೂರು ವರ್ಷದ ಮಗುವಿಗೆ ನಾಲ್ಕು ಗೆರೆ ಕಾಪಿ ಪುಸ್ತಕ ಕೊಟ್ಟು ಪೆನ್ಸಿಲ್ ಹಿಡಿಸುವುದನ್ನು ನೋಡಿದ್ದೇನೆ.

ಅವರ ವಿಚಾರ ಬಡವರ ಅಂಗಳಕ್ಕೆ ಬಂದದ್ದು ಬೇರೆ ದಾರಿಯಿಂದ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ತೆರೆದರು. ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ ಮುಂದೆ ಮಹಾರಾಷ್ಟ್ರದ ಬೋರ್ಡಿ, ಕೋಸಬಾಡ್ ಕಡೆ ಆದಿವಾಸಿ ಮಕ್ಕಳ ಅಂಗಳಕ್ಕೇ ಶಾಲೆಯನ್ನು ಒಯ್ದರು. ದುಬಾರಿ ಸಾಮಗ್ರಿಯ ಬದಲು ಬೀಜ, ಕಲ್ಲು, ಚಿಪ್ಪು, ಎಲೆ. ಅಂಗನವಾಡಿಯ ಕಲ್ಪನೆ ಅಲ್ಲಿ ಬೆಳೆಯಿತು. 1975ರ ಅಕ್ಟೋಬರ್ 2ರಂದು ಕೇಂದ್ರದ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಆರಿಸಿದ್ದು ತಿರುಮಕೂಡಲು ನರಸೀಪುರವನ್ನು. ನಮ್ಮೂರಿನ ಅಂಗನವಾಡಿಯಲ್ಲಿ ಒಂದು ಬೆಳಿಗ್ಗೆ ಕೂತಿದ್ದೆ. ಮಕ್ಕಳು ಹುಣಸೆ ಬೀಜವನ್ನು ಎರಡೇ ಬೆರಳಲ್ಲಿ ಹೆಕ್ಕಿ ಬಾಟಲಿಗೆ ಹಾಕುತ್ತಿದ್ದರು. ಕಾರ್ಯಕರ್ತೆ ಮಾಂಟೆಸ್ಸರಿಯ ಹೆಸರೆತ್ತಲಿಲ್ಲ, ನಾನೂ ಎತ್ತಲಿಲ್ಲ.

ಮಾರಿಯಾ 1946ರಲ್ಲಿ ಯುರೋಪಿಗೆ ಮರಳಿದರು. ಮರುವರ್ಷ ಮತ್ತೆ ಭಾರತಕ್ಕೆ ಬಂದು ತರಬೇತಿ ನಡೆಸಿದರು. 1952ರ ಮೇ 6ರಂದು ಹಾಲೆಂಡಿನ ಕಡಲ ತೀರದ ನೋರ್ಡ್‌ವೈಕ್ ಎಂಬ ಊರಿನಲ್ಲಿ, 81ನೆಯ ವಯಸ್ಸಿನಲ್ಲಿ ತೀರಿಕೊಂಡರು. ಸಮಾಧಿಯೂ ಅಲ್ಲೇ ಇದೆ. ಆಗ ಜೊತೆಯಲ್ಲಿದ್ದದ್ದು ಮಾರಿಯೊ. ತಾಯಿ ಕಟ್ಟಿದ ಸಂಸ್ಥೆಯನ್ನು ಅವರು 1982ರಲ್ಲಿ ತಾವು ತೀರಿಕೊಳ್ಳುವವರೆಗೂ ನಡೆಸಿದರು.